ಮಂಡಿಕಿವಿ

ಸರ್ವಮಂಗಳಾಳ ಎಡಗಾಲು ಹನ್ನೊಂದು ವರ್ಷಗಳ ಮೇಲೆ ಅವಳ ಮಾತು ಕೇಳಿದ್ದು ಬಚ್ಚಲುಮನೆಯಲ್ಲಿ. ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುತ್ತಿದ್ದವಳ ಕೈಯಿಂದ ಸ್ಟೀಲಿನ ಚೊಂಬು ಜಾರಿತು. ಉರುಳಿ ಹೋಗುತ್ತಿದ್ದದ್ದನ್ನು ತಡೆಯೋಣವೆಂದು ಕಾಲು ಚಾಚಿದಳು. ಚಾಚಿದ ಮೇಲೆ ನೋಡುತ್ತಾಳೆ, ಎಡಗಾಲು! ಚೊಂಬು ಗೋಡೆಗೆ ಬಡಿದು ಮನೆಯೆಲ್ಲ ಠಣಠಣ ಎಂದಿತು.

"ಬಿದ್ದ್ಯೇನೇ?" ಗಂಡ ಶಿವಮಾದು ಓಡಿಬಂದು ಬಾಗಿಲು ಬಡಿದ.

"ಬಿದ್ದಿಲ್ಲ ಕಣ್ರೀ! ಒದ್ದುಬಿಟ್ಟೆ!"

"ಏನು?"

"ಚೊಂಬು ಕಣ್ರೀ! ಎಡಗಾಲಲ್ಲಿ ಒದ್ದುಬಿಟ್ಟೆ!"

ಅಡುಗೆಮನೆಯಿಂದ ಬಂದು ಹೊರಗೆ ನಿಂತಿದ್ದ ಅವಳ ತಾಯಿ ಚಿಕ್ಕತಾಯಮ್ಮ ಗೊಳೋ ಎಂದು ಅಳಲು ಶುರುಮಾಡಿದಳು. ಶಿವಮಾದು ಮಾತ್ರ ಬಾಗಿಲಿಗೆ ಕಿವಿ ಹಚ್ಚಿ, "ಇನ್ನೊಂದ್ಸಲ ಒದಿ, ಕೇಳಣ" ಅಂದ. ಮಂಗಳ ಇನ್ನೊಂದು ಸಲ ಒದ್ದಳು. ಅವತ್ತು ಆ ಚೊಂಬಿಗೆ ಬಿದ್ದ ಏಟು ಒಂದೆರಡಲ್ಲ. ಅದರ ಅಂಚು ಸೊಟ್ಟಗಾಗಿ, ಮುಂದೆ ಯಾರೂ ಅದನ್ನು ಸ್ನಾನಕ್ಕೆ ಬಳಸಲಿಲ್ಲ.

ಮಂಗಳಾಗೆ ಇದ್ದದ್ದು ಮಲ್ಟಿಪಲ್ ಸ್ಕ್ಲೆರೋಸಿಸ್. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಎಂ.ಎಸ್. ಮೈಯನ್ನು ಕಾಯಬೇಕಾದ ಪಡೆಯೇ ತಿರುಗಿಬಿದ್ದು ನರಗಳ ಮೇಲಿನ ಹೊದಿಕೆಯನ್ನು ಕೆರೆದು ಹಾಕುವ ಕಾಯಿಲೆ. ಶಿವಮಾದುವಿನದು ಮೋಟಾರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿಯ ಮೇಲಿನ ವಾರ್ನಿಷ್ ಹೋದರೆ ಪಂಪ್‌ಸೆಟ್ಟಿನ ಗತಿ ಏನಾಗುತ್ತದೆಂದು ಬಲ್ಲವನು. ಹಾಗಾಗಿ ಡಾಕ್ಟರು ಮೊದಲ ದಿನ ಹೇಳಿದಾಗಲೇ ಅವನಿಗೆ ಅರ್ಥವಾಗಿ, ಮುಖ ಸಣ್ಣಗಾಗಿತ್ತು. ಮಂಗಳಾಗೆ ಏಟು ಬಿದ್ದದ್ದು ಬೆನ್ನುಹುರಿಯ ಎಡಪಕ್ಕಕ್ಕೆ. ಬೆನ್ನುಹುರಿಯ ವಿಚಿತ್ರ ನೋಡಿ. ಕಾಲಿಗೆ ಶಕ್ತಿ ಕೊಡುವ ನರ ತನ್ನ ಪಕ್ಕದಲ್ಲೇ ನೇರ ಇಳಿದು ಹೋಗುತ್ತದೆ. ಆದರೆ ಕಾಲಿನ ನೋವನ್ನು ಮೇಲಕ್ಕೆ ಹೊತ್ತು ತರುವ ನರ ಹುರಿಯೊಳಗೆ ಬಂದ ಕೂಡಲೇ ಆಚೆ ಪಕ್ಕಕ್ಕೆ ದಾಟಿಬಿಡುತ್ತದೆ. ಹೀಗಾಗಿ ಒಂದೇ ಗಾಯಕ್ಕೆ ಎಡಗಾಲಿನ ಶಕ್ತಿ ಹೋಯಿತು, ಬಲಗಾಲಿನ ನೋವು ಹೋಯಿತು.

ನೋವು ಹೋದರೆ ಒಳ್ಳೆಯದೇ ಆಯಿತಲ್ಲ ಅಂತೀರಾ? ಮಂಗಳಾನೂ ಹಾಗೇ ಅಂದುಕೊಂಡಿದ್ದಳು. ವಾಕರ್ ಹಿಡಿದು, ಎಡಗಾಲನ್ನು ಎಳೆದುಕೊಂಡು, ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ಅವಳು ಅಷ್ಟೂ ವರ್ಷ ಓಡಾಡಿದಳು. ಮೃಗಾಲಯದ ಅಡುಗೆಮನೆಯಲ್ಲಿ ಅವಳ ಕೆಲಸ. ಆನೆಗೆಷ್ಟು ಬೆಲ್ಲ, ನೀರಾನೆಗೆಷ್ಟು ಸೌತೆಕಾಯಿ ಅಂತ ತೂಗಿಸಿ ಕಳಿಸುವುದು. ಮೊದಲು ನಿಂತು ಮಾಡುತ್ತಿದ್ದವಳು ಆಮೇಲೆ ಸ್ಟೂಲು ಹಾಕಿಸಿಕೊಂಡಳೇ ಹೊರತು ಬಿಡಲಿಲ್ಲ. ನಡುವೆ ಬಲಮಂಡಿ ಆಗಾಗ ಊದುತ್ತಿತ್ತು. ತೋರಿಸಿದರೆ, "ಎಂ.ಎಸ್. ಇದ್ದೋರಿಗೆ ಹಾಗೆಲ್ಲ ಆಗುತ್ತಮ್ಮ" ಅಂತ ಬೇರೆ ಬೇರೆ ಆಸ್ಪತ್ರೆಯಲ್ಲಿ ಬೇರೆ ಬೇರೆ ಡಾಕ್ಟರು ಒಂದೇ ಮಾತು ಹೇಳಿದರು. ನರಗಳ ಕಾಯಿಲೆ ಇದ್ದವರಿಗೆ ಕೀಲಿನ ಕಾಯಿಲೆಯೂ ಬರಬಹುದು, ಬೇರೆಯವರಿಗಿಂತ ಬೇಗ ಬರಬಹುದು ಅಂತ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ದೊಡ್ಡ ಕಾಯಿಲೆಯ ಹೆಸರು ಚೀಟಿಯ ಮೇಲೆ ಇರುವಾಗ ಸಣ್ಣದನ್ನು ಹುಡುಕುವವರು ಯಾರು? ಮಂಡಿ ತಾನಾಗಿ ಕೂಗಿದ್ದರೆ ಮಾತು ಬೇರೆ. ಅದೂ ಕೂಗಲಿಲ್ಲ.

ಹೊಸ ಚಿಕಿತ್ಸೆ ಬಂದದ್ದು ಊರಾಚೆ ವರ್ತುಲ ರಸ್ತೆಯ ಪಕ್ಕದ ನರಹೊದಿಕೆ ಕೇಂದ್ರದಲ್ಲಿ. ರೋಗಿಯ ಚರ್ಮದಿಂದಲೇ ಒಂದು ಚೂರು ತೆಗೆದು, ಆ ಕೋಶಗಳಿಗೆ ನರದ ಹೊದಿಕೆ ನೇಯುವುದನ್ನು ಕಲಿಸಿ, ಬೆನ್ನುಹುರಿಯ ನೀರಿಗೆ ಬಿಡುತ್ತಿದ್ದರು. ಅವು ಹುಡುಕಿಕೊಂಡು ಹೋಗಿ ಬರಿಮೈಯಾದ ನರಗಳಿಗೆ ಹೊದಿಸುತ್ತಿದ್ದವು. ಎರಡನೇ ತಂಡದಲ್ಲಿ ಇದೇ ಚಿಕಿತ್ಸೆ ಪಡೆದ ಮೇಲೆಯೇ ಮಂಗಳ ಆ ಚೊಂಬು ಒದ್ದದ್ದು. ಒಂದೇ ಒಂದು ತೊಡಕು. ದಪ್ಪ ನರಗಳಿಗೆ ಮೊದಲು ಹೊದಿಕೆ, ಅಂದರೆ ಶಕ್ತಿ ಮೊದಲು ಬರುತ್ತದೆ. ನೋವು ತರುವ ತೆಳು ನರಗಳ ಸರದಿ ತಿಂಗಳುಗಟ್ಟಲೆ ತಡ. ಮೊದಲ ತಂಡದಲ್ಲಿ ಎದ್ದು ನಿಂತ ಒಬ್ಬ ಖುಷಿಗೆ ಕಬಡ್ಡಿ ಆಡಿದ. ಇನ್ನೊಬ್ಬರು ಮಗಳ ಮದುವೆಯಲ್ಲಿ ಮೆರವಣಿಗೆ ಪೂರ್ತಿ ಕುಣಿದರು. ಕೀಲು ಹರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನರ ಸರಿಹೋಗಿ ಗಾಲಿಕುರ್ಚಿಯಿಂದ ಎದ್ದವರು ಮಂಡಿ ಹೋಗಿ ಅದೇ ಕುರ್ಚಿಗೆ ಬಂದು ಕೂತರು.

ಅದಕ್ಕೇ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಶಾಹೀನ್ ಮಂಡಿಕಿವಿ ಮಾಡಿಸಿದರು. ಅದರ ಇಂಗ್ಲಿಷ್ ಹೆಸರು ಬಲು ಉದ್ದ, ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಮಂಡಿಗೆ ಸುತ್ತುವ ಒಂದು ಪಟ್ಟಿ, ಅದರೊಳಗೆ ಹುಣಸೆಬೀಜದಷ್ಟು ದಪ್ಪದ ಎರಡು ಕಿವಿಗಳು. ಮೂಳೆಯ ಮೇಲಿನ ಮೆತ್ತೆ ನುಣ್ಣಗಿದ್ದರೆ ಕೀಲು ಆಡುವಾಗ ಸದ್ದು ಕಮ್ಮಿ, ಸವೆದಿದ್ದರೆ ಜಾಸ್ತಿ. ಆ ಸದ್ದೆಲ್ಲ ಕೇಂದ್ರದ ಆಲಿಸುವ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಯಂತ್ರಗಳ ಜೊತೆ ಜೆಸಿಂತಾ ಎಂಬ ಮಂಗಳೂರಿನ ಹೆಂಗಸು ಹೆಡ್‌ಫೋನ್ ಹಾಕಿ ಕೂತಿರುತ್ತಿದ್ದರು. ಮೊದಲು ರೇಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು, ಈಗ ಊರವರ ಮಂಡಿ ಕೇಳುತ್ತಿದ್ದರು.

"ನೋಡಿ ಮಂಗಳಮ್ಮ," ಪಟ್ಟಿ ಸುತ್ತುತ್ತಾ ಜೆಸಿಂತಾ ಹೇಳಿದ್ದರು, "ಒಬ್ಬೊಬ್ಬರ ಮಂಡಿಗೆ ಒಂದೊಂದು ಸ್ವರ ಉಂಟು. ನಿಮ್ಮದು ಸಣ್ಣ ಮರಳು ಉಜ್ಜಿದ ಹಾಗೆ. ನನಗೆ ಅದು ಇಷ್ಟ ಆಗ್ಲಿಲ್ಲ, ಸುಳ್ಳು ಯಾಕೆ ಹೇಳ್ಬೇಕು?"

ಡಾಕ್ಟರ್ ಶಾಹೀನ್ ಇನ್ನೂ ನೇರ. "ಮೆಟ್ಟಿಲು ಬೇಡ. ಕುಕ್ಕರಗಾಲು ಬೇಡ. ನೆಲದ ಮೇಲೆ ಕೂರೋದು ಬೇಡ. ನಿಮ್ಮ ಬಲಮಂಡಿ ಅರ್ಧ ಸವೆದಿದೆ. ಸ್ಟೀರಾಯ್ಡ್ ತಗೊಂಡೂ ತಗೊಂಡೂ ಮೂಳೆ ಟೊಳ್ಳಾಗಿದೆ, ಕೃತಕ ಕೀಲು ಹಾಕಿದ್ರೂ ಕಚ್ಚಿ ಕೂರಲ್ಲ. ಇರೋದನ್ನ ಉಳಿಸ್ಕೊಬೇಕು. ನೋವು ಬರೋವರೆಗೂ ಕಾಯಿರಿ. ನೋವು ಬಂದ್ರೆ ಅದೇ ನಿಮ್ಮನ್ನ ಕಾಯುತ್ತೆ."

"ಆಯ್ತು ಡಾಕ್ಟ್ರೇ" ಅಂದಳು ಮಂಗಳ. ಮನಸಾರೆ ಅಂದಳು. ಆದರೆ ಒಂದು ವಿಷಯ ಅವರಿಗೆ ಹೇಳಲಿಲ್ಲ.

ಹೇಳದೆ ಉಳಿದದ್ದು ಹರಕೆ. ಮಂಗಳ ಮೊದಲ ಸಲ ಕಾಲು ಸೋತು ನಡುಮನೆಯಲ್ಲಿ ಕುಸಿದ ದಿನವೇ ಚಿಕ್ಕತಾಯಮ್ಮ ಹೊತ್ತುಕೊಂಡದ್ದು. ನನ್ನ ಮಗಳು ಎದ್ದು ನಡೆದರೆ, ಆ ವರ್ಷದ ಆಷಾಢದಲ್ಲೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅವಳ ಕೈಯಲ್ಲೇ ಅರಿಶಿನ ಕುಂಕುಮ ಇಡಿಸ್ತೀನಿ ತಾಯಿ, ಅಂತ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಗ್ಗಬೇಕು, ಬೆರಳಿಂದ ಅರಿಶಿನ ಬಳಿಯಬೇಕು, ಕುಂಕುಮ ಇಡಬೇಕು, ಏಳಬೇಕು, ಮುಂದಿನ ಮೆಟ್ಟಿಲು ಹತ್ತಬೇಕು, ಮತ್ತೆ ಬಗ್ಗಬೇಕು. ಅದೂ ಒಂದೊಂದು ಮೆಟ್ಟಿಲಿಗೂ ಬಲಗಾಲೇ ಮೊದಲು. ಮಂಡಿ ಹಾಳುಮಾಡಲೆಂದೇ ಯಾರಾದರೂ ಕೂತು ಯೋಚಿಸಿದ್ದರೂ ಇದಕ್ಕಿಂತ ಚೆನ್ನಾದ ದಾರಿ ಹೊಳೆಯುತ್ತಿರಲಿಲ್ಲ.

"ಮುಂದಿನ ವರ್ಷ ಮಾಡೋಣ ಬಿಡಿ ಅತ್ತೆ," ಶಿವಮಾದು ಹೇಳಿ ನೋಡಿದ.

"ಅಳಿಯಂದ್ರೇ, ನೀವು ಸುಮ್ನಿರಿ. ನಾನು ಬೇಡ್ಕೊಂಡಾಗ ಮುಂದಿನ ವರ್ಷ ಅಂದಿದ್ನಾ? ಅವಳು ಕೊಟ್ಟಾಯ್ತು. ಈಗ ನಾವು ಸಬೂಬು ಹೇಳೋದಾ? ನಿಮ್ಮ ಕೈಲಿ ಆಗಲ್ಲ ಅಂದ್ರೆ ಬುಡಿ, ನಾನೇ ಹತ್ತತೀನಿ. ಸತ್ರೆ ಬೆಟ್ಟದ ಮೇಲೇ ಸಾಯ್ತೀನಿ."

ಎಪ್ಪತ್ತನಾಲ್ಕರ ಮುದುಕಿ, ಹೇಳಿದರೆ ಮಾಡುವವಳೇ. ಆದರೆ ನಿಜ ಹೇಳಬೇಕೆಂದರೆ ಮಂಗಳ ಒಪ್ಪಿದ್ದು ತಾಯಿಯ ಹೆದರಿಕೆಗಲ್ಲ. ಎದ್ದ ದಿನದಿಂದ ಅವಳ ಎದೆ ತುಂಬಿಹೋಗಿತ್ತು. ಹಾಲಿನ ಪ್ಯಾಕೆಟ್ಟು ತಾನೇ ಹೋಗಿ ತಂದರೆ ಕಣ್ಣಲ್ಲಿ ನೀರು. ಸಿಗ್ನಲ್ಲಿನಲ್ಲಿ ರಸ್ತೆ ದಾಟಿದರೆ ನಿಂತ ಆಟೋದವರಿಗೆಲ್ಲ ಕೈ ಮುಗಿಯಬೇಕು ಅನ್ನಿಸುವುದು. ಇಷ್ಟೊಂದು ಋಣವನ್ನು ಯಾರ ಮುಂದೆ ಇಳಿಸುವುದು? ಬೆಟ್ಟ ಬಾ ಬಾ ಅನ್ನುತ್ತಿತ್ತು. ಕಾಲು ಹೋಗೋಣ ನಡಿ ಅನ್ನುತ್ತಿತ್ತು. ಮಂಡಿಯಂತೂ ಒಂದು ಮಾತೂ ಆಡುತ್ತಿರಲಿಲ್ಲ.

ಆಷಾಢದ ಎರಡನೇ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಮೂವರೂ ಬೆಟ್ಟದ ಪಾದದಲ್ಲಿದ್ದರು. ಜನವೋ ಜನ. ಮಂಗಳ ಕೂತು ಸೀರೆ ಸರಿಸಿ ಚಪ್ಪಲಿ ಬಿಟ್ಟಳು. ತಾಯಿಯ ಕಣ್ಣು ಮಂಡಿಯ ಮೇಲೆ ಬಿತ್ತು.

"ಅದೇನು ಮಗಾ, ಆ ಪಟ್ಟಿ? ಬಕಲ್ ಕೆಳಗೆ ಚರ್ಮ ಇಲ್ವಾ?"

ಇತ್ತು. ಬೆರಳಗಲದ ಒಂದು ಚೂರು. ಚಪ್ಪಲಿಯನ್ನೇ ಬಿಟ್ಟು ಹತ್ತುವ ಮೆಟ್ಟಿಲ ಮೇಲೆ ಚರ್ಮ ಕಟ್ಟಿಕೊಂಡು ಹೋಗುವುದೆಂದರೇನು? ಮಂಗಳಾಗೂ ಮನಸ್ಸು ಒಪ್ಪಲಿಲ್ಲ. ಬಿಚ್ಚಿ ಚಪ್ಪಲಿಯ ಪಕ್ಕ ಇಟ್ಟಳು. ಆದರೆ ಮೈಶಾಖ ತಪ್ಪಿದ ಕೂಡಲೇ ಮಂಡಿಕಿವಿ ಕೇಂದ್ರಕ್ಕೆ ದೂರು ಹೇಳುತ್ತದೆ, ಜೆಸಿಂತಾ ಫೋನ್ ಮಾಡುತ್ತಾರೆ, ಆಮೇಲೆ ಡಾಕ್ಟರ್ ಶಾಹೀನ್ ಬಾಯಿಗೆ ಬೀಳಬೇಕು.

"ಕೊಡಿಲ್ಲಿ," ಅಂದ ಶಿವಮಾದು. ಪ್ಯಾಂಟು ಮೇಲಕ್ಕೆ ಸುತ್ತಿ ತನ್ನ ಮಂಡಿಗೆ ಬಿಗಿದುಕೊಂಡ. "ಶಾಖ ತಾನೇ ಬೇಕು? ನನ್ನ ಹತ್ರಾನೂ ಐತೆ. ನೀವು ಹೋಗ್ಬನ್ನಿ, ನಾನಿಲ್ಲೇ ಚಪ್ಪಲಿ ಕಾಯ್ತೀನಿ."

ತಾನು ಬಲು ಬುದ್ಧಿವಂತ ಅನ್ನಿಸಿತು ಅವನಿಗೆ. ಗಾಡಿಯವನ ಹತ್ತಿರ ಚುರುಮುರಿ ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕಾಲಾಡಿಸುತ್ತಾ ಕೂತ.

ಮೇಲೆ ಮಂಗಳ ಹತ್ತುತ್ತಿದ್ದಳು. ಅಯ್ಯೋ, ಆ ಸುಖವನ್ನು ಏನೆಂದು ಹೇಳುವುದು! ಬಗ್ಗಿದರೆ ಮೈ ಬಗ್ಗುತ್ತದೆ, ಏಳು ಎಂದರೆ ಏಳುತ್ತದೆ. ಅರಿಶಿನ ಬಳಿದ ಬೆರಳು ತಣ್ಣಗೆ, ಪಾದದಡಿಯ ಕಲ್ಲು ತಣ್ಣಗೆ. ತಾಯಿ ಪಕ್ಕದಲ್ಲಿ ತಟ್ಟೆ ಹಿಡಿದು ಏದುಸಿರು ಬಿಡುತ್ತ ಬರುತ್ತಿದ್ದಳು. ಮುಂದೆ ಹಿಂದೆ ಹತ್ತಾರು ಹೆಂಗಸರು ಹೀಗೇ ಬಗ್ಗಿ ಏಳುತ್ತಿದ್ದರು. ಯಾರೂ ಮಂಗಳಾಳ ಕಡೆ ತಿರುಗಿ ನೋಡಲಿಲ್ಲ. ಯಾರೂ "ಪಾಪ" ಅನ್ನಲಿಲ್ಲ. ಅದೇ ದೊಡ್ಡ ಸುಖ. ನಿನ್ನ ದಯೆ ತಾಯಿ, ನಿನ್ನ ದಯೆ, ಅಂತ ಮೆಟ್ಟಿಲಿಗೊಂದು ಸಲ ಹೇಳುತ್ತಾ ಅವಳು ಹತ್ತಿದಳು. ಸೀರೆಯ ಮರೆಯಲ್ಲಿ ಬಲಮಂಡಿ ಊದುತ್ತಾ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಆ ಹೊತ್ತಿಗೆ ಆಲಿಸುವ ಕೋಣೆಯಲ್ಲಿ ನಡೆದದ್ದನ್ನು ಜೆಸಿಂತಾ ಆಮೇಲೆ ಎಷ್ಟು ಸಲ, ಎಷ್ಟು ಅಭಿನಯ ಮಾಡಿ ಹೇಳಿದರೆಂದರೆ, ಮಂಗಳಾಗೆ ತಾನೇ ಅಲ್ಲಿ ಕೂತು ನೋಡಿದ ಹಾಗೆ ಆಗಿಬಿಟ್ಟಿತ್ತು. ಯಂತ್ರ ಹಸಿರು ದೀಪ ತೋರಿಸುತ್ತಿತ್ತು. ರೋಗಿ ಕೂತಿದ್ದಾರೆ, ವಿಶ್ರಾಂತಿಯಲ್ಲಿದ್ದಾರೆ, ಎಲ್ಲ ಸರಿ. ಜೆಸಿಂತಾ ಕಾಫಿ ಕುಡಿಯುತ್ತಾ ಒಂದೊಂದೇ ಮಂಡಿ ಕೇಳುತ್ತ ಬಂದವರು ಮಂಗಳಾಳದಕ್ಕೆ ಬಂದು ಲೋಟ ಕೆಳಗಿಟ್ಟರು. ಮರಳಿನ ಸದ್ದು ಎಲ್ಲಿ? ಇದು ಹಳೇ ಬಾಗಿಲ ಚಿಲಕ ಹಾಕಿ ತೆಗೆದ ಹಾಗೆ, ಕಟಕ್, ಕಟಕ್. ಯಂತ್ರ ಇದನ್ನೂ ಮಂಡಿ ಎಂದೇ ಒಪ್ಪಿಕೊಂಡಿತ್ತು. ಮಂಡಿಯೇನೋ ಹೌದು, ಅದರಲ್ಲಿ ತಪ್ಪಿಲ್ಲ.

ಶಿವಮಾದುವಿನ ಫೋನ್ ಬಡಿದುಕೊಂಡಿತು.

"ಶಿವಮಾದು ಅವ್ರೇ, ಮಂಗಳಮ್ಮ ಎಲ್ಲಿದ್ದಾರೆ?"

"ಇಲ್ಲೇ ಮೇಡಂ. ಪಕ್ಕದಲ್ಲೇ. ರೆಸ್ಟ್ ತಗೊತಾ ಇದಾಳೆ." ಗಾಬರಿಗೆ ಅವನು ಎದ್ದು ನಿಂತಿದ್ದ.

"ನೀವು ಈಗ ಎದ್ದದ್ದಾ?"

"ಹೂಂ."

"ಒಮ್ಮೆ ಕೂತ್ಕೊಳ್ಳಿ."

ಕೂತ.

"ಈಗ ಏಳಿ."

ಎದ್ದ.

"ಮಾರಾಯ್ರೆ," ಅಂದರು ಜೆಸಿಂತಾ, "ನಿಮ್ಮ ಮಂಡಿ ನನ್ನ ಕಿವಿಯಲ್ಲಿ ಮಾತಾಡ್ತಾ ಉಂಟು. ಅವರ ಮಂಡಿ ಎಲ್ಲಿ?"

ಶಿವಮಾದು ತಲೆ ಎತ್ತಿ ಬೆಟ್ಟ ನೋಡಿದ. ಸುಳ್ಳು ಹೇಳಲು ಇನ್ನೇನೂ ಉಳಿದಿರಲಿಲ್ಲ. "ಮೆಟ್ಟಿಲು ಹತ್ತತಾ ಅವ್ಳೆ ಮೇಡಂ. ಹರಕೆ," ಅಂದುಬಿಟ್ಟ.

ಜೆಸಿಂತಾ ಬೈಯಲಿಲ್ಲ. ಬೈಯುವಷ್ಟು ಪುರಸೊತ್ತು ಇರಲಿಲ್ಲ. "ಓಡಿ!" ಅಂತ ಒಂದೇ ಮಾತು ಕಿರುಚಿದರು.

ಅವನು ಓಡಿದ. ಅವನ ಮಂಡಿಯೂ ಅಂಥದ್ದೇನೂ ಒಳ್ಳೆಯದಲ್ಲ. ವರ್ಷಾನುಗಟ್ಟಲೆ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ ಮಂಡಿ. ಕಟಕ್ ಕಟಕ್ ಎಂದು ಅದು ಹತ್ತುತ್ತಾ ಹೋದದ್ದನ್ನು ಜೆಸಿಂತಾ ಉಸಿರು ಹಿಡಿದು ಕೇಳುತ್ತಲೇ ಇದ್ದರು. ಆಷಾಢದ ಜನಸಂದಣಿಯಲ್ಲಿ "ದಾರಿ, ದಾರಿ, ದಾರಿ ಬಿಡಿ" ಎನ್ನುತ್ತ ಓಡಿದವನಿಗೆ ದೊಡ್ಡ ನಂದಿಗಿಂತ ಸ್ವಲ್ಪ ಕೆಳಗೆ ಹೆಂಡತಿ ಸಿಕ್ಕಳು. ಅವಳ ಮುಖ ಬೆಳಗುತ್ತಿತ್ತು.

"ಯಾಕ್ರೀ? ಚಪ್ಪಲಿ ಯಾರು ನೋಡ್ಕೊತಾರೆ?" ಅಂದಳು ಮಂಗಳ.

ಅವನು ಅಲ್ಲೇ ಕೂತು, ಫೋನ್ ಸ್ಪೀಕರಿಗೆ ಹಾಕಿ, ಪಟ್ಟಿ ಬಿಚ್ಚಿ ಅವಳ ಮಂಡಿಗೆ ಕಟ್ಟಲು ಸೀರೆ ಸರಿಸಿದ. ಚಿಕ್ಕತಾಯಮ್ಮ ಅಯ್ಯೋ ಅಂತ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಂಡಿ ಮಂಡಿಯ ಹಾಗಿರಲಿಲ್ಲ, ಕುಂಬಳಕಾಯಿಯಾಗಿತ್ತು.

"ಮಂಗಳಮ್ಮ, ಮೆಲ್ಲ ಮಡಿಸಿ. ಈಗ ಬಿಡಿಸಿ." ಫೋನಿನಲ್ಲಿ ಜೆಸಿಂತಾ ದನಿ ಸಣ್ಣದಾಯಿತು. "ಸಾಕು. ಇನ್ನು ಒಂದು ಮೆಟ್ಟಿಲೂ ಹತ್ತಬಾರದು. ಇಳಿಯಲೂ ಬಾರದು. ಕಾಲು ನೆಲಕ್ಕೇ ಇಡಬೇಡಿ."

"ಇನ್ನು ಸ್ವಲ್ಪಾನೇ ಇರೋದು ಜೆಸಿಂತಕ್ಕ. ನನಗೇನೂ ಆಗ್ತಾ ಇಲ್ಲ. ನಿಜವಾಗ್ಲೂ ಏನೂ ಆಗ್ತಾ ಇಲ್ಲ," ಮಂಗಳ ಗೋಗರೆದಳು.

"ಅದೇ ಅಲ್ವಾ ತೊಂದರೆ, ಮಾರಾಯ್ತಿ?"

ಆ ಮಾತು ತಾಗಿತು. ಮಂಗಳ ತನ್ನ ಮಂಡಿಯನ್ನು ಮೊದಲ ಸಲ ನೋಡುವ ಹಾಗೆ ನೋಡಿದಳು. ಇಷ್ಟು ಊದಿಯೂ ಅದು ಸುಮ್ಮನಿತ್ತು. ಅವಳಿಗೆ ಭಯವಾಯಿತು. ಮತ್ತೆ ವಾಕರು, ಮತ್ತೆ ಸ್ಟೂಲು, ಮತ್ತೆ ಮಂಚ, ಎಲ್ಲ ಕಣ್ಣ ಮುಂದೆ ಬಂದು ಅಳು ಬಂತು. ಚಿಕ್ಕತಾಯಮ್ಮ ಮಾತ್ರ ಅರಿಶಿನದ ತಟ್ಟೆ ಹಿಡಿದು ಮೇಲಿನ ಮೆಟ್ಟಿಲುಗಳನ್ನೂ ಮಗಳನ್ನೂ ನೋಡುತ್ತಾ ನಿಂತಿದ್ದಳು. ಅರ್ಧ ಹರಕೆ ಬಿಟ್ಟು ಹೋಗುವುದೇ?

ಹಿಂದೆ ಹತ್ತುತ್ತಾ ಬಂದಿದ್ದ ಒಬ್ಬ ಹೆಂಗಸು ಎಲ್ಲ ಕೇಳಿಸಿಕೊಂಡು ನಿಂತಿದ್ದಳು. ಕೆಂಪು ಸೀರೆ, ಕೈಯಲ್ಲಿ ತನ್ನದೇ ತಟ್ಟೆ. ಅವಳು ಚಿಕ್ಕತಾಯಮ್ಮನ ಕೈಯಿಂದ ಆ ತಟ್ಟೆಯನ್ನೂ ತೆಗೆದುಕೊಂಡಳು. "ಕೊಡಿ ಅಜ್ಜಿ. ನಾನು ಹೆಂಗೂ ಹತ್ತತಾ ಇದೀನಿ. ಒಂದು ಬೊಟ್ಟು ನಂದು, ಒಂದು ಬೊಟ್ಟು ನಿಮ್ಮ ಮಗಳ ಹೆಸರಲ್ಲಿ. ಹೆಸರೇನು?"

"ಸರ್ವಮಂಗಳ," ಅಂದಳು ಚಿಕ್ಕತಾಯಮ್ಮ. ಆಮೇಲೆ ಅನುಮಾನ ಬಂದು, "ಅವಳ ಕೈಯಲ್ಲೇ ಇಡಿಸ್ತೀನಿ ಅಂದಿದ್ದೆ ಕಣವ್ವ. ಲೆಕ್ಕಕ್ಕೆ ಬತ್ತದಾ?"

"ತಾಯಿ ಏನು ಲೆಕ್ಕ ಹಾಕ್ತಾ ಕೂತಿರ್ತಾಳಾ ಅಜ್ಜಿ? ಸುಮ್ನೆ ಮಗಳನ್ನ ನೋಡ್ಕೊಳ್ಳಿ, ಹೋಗಿ," ಅಂತ ಅವಳು ಬಗ್ಗಿ ಮುಂದಿನ ಮೆಟ್ಟಿಲಿಗೆ ಎರಡು ಬೊಟ್ಟಿಟ್ಟಳು.

ಕೆಳಗಿಳಿಸುವುದಕ್ಕಿಂತ ಮೇಲಿನ ನಂದಿಯೇ ಹತ್ತಿರ, ಅಲ್ಲಿಗೆ ವಾಹನ ಬರುತ್ತದೆ. ಮಜ್ಜಿಗೆ ಹಂಚುತ್ತಿದ್ದವರು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಹತ್ತುತ್ತಿದ್ದ ನಾಲ್ವರು ಗಂಡಸರು ಹೆಸರು ಕೂಡ ಕೇಳದೆ ಕುರ್ಚಿಗೆ ಹೆಗಲು ಕೊಟ್ಟರು. ಕುರ್ಚಿಯ ಮೇಲೆ ಮಂಗಳ ಎರಡೂ ಕೈ ಮುಗಿದುಕೊಂಡೇ ಕೂತಿದ್ದಳು. ಯಾರಿಗೆಂದು ಮುಗಿದಳೋ, ಆ ನಾಲ್ವರಿಗೋ, ಕೆಂಪು ಸೀರೆಯವಳಿಗೋ, ಬೆಟ್ಟದ ತಾಯಿಗೋ, ಅವಳಿಗೇ ಗೊತ್ತಿರಲಿಲ್ಲ.

ಕೇಂದ್ರದಲ್ಲಿ ಡಾಕ್ಟರ್ ಶಾಹೀನ್ ಸ್ಕ್ಯಾನ್ ನೋಡಿದರು. ಮಂಡಿಯ ಒಳಪಕ್ಕದ ಮೆತ್ತೆ ಸೀಳಿತ್ತು. ಪೂರ್ತಿ ಹರಿದಿರಲಿಲ್ಲ. ಇನ್ನೊಂದು ಇಪ್ಪತ್ತು ಮೂವತ್ತು ಮೆಟ್ಟಿಲು ಹತ್ತಿದ್ದರೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಮಂಡಿಯಲ್ಲಿ ತುಂಬಿದ್ದ ನೀರು ತೆಗೆದರು, ಅಲ್ಲಾಡದ ಹಾಗೆ ಚೌಕಟ್ಟು ಹಾಕಿದರು.

ಬೈಗುಳ ಬೀಳುತ್ತದೆಂದು ಮಂಗಳ ತಲೆ ತಗ್ಗಿಸಿ ಕಾದಿದ್ದಳು. ಬಿತ್ತು ಕೂಡ. ಶಿವಮಾದುವಿಗೆ ಜಾಸ್ತಿ ಬಿತ್ತು. ಆದರೆ ಬೈದು ಮುಗಿಸಿ ಡಾಕ್ಟರ್ ಶಾಹೀನ್ ಕುರ್ಚಿಗೆ ಒರಗಿ ಕನ್ನಡಕ ತೆಗೆದರು. "ನನ್ನದೂ ತಪ್ಪಿದೆ. ಎಲ್ಲರಿಗೂ ಮೆಟ್ಟಿಲು ಹತ್ತಬೇಡಿ ಅಂತ ಹೇಳ್ತೀನಿ. ಹತ್ತೋಕೆ ಏನಾದ್ರೂ ಕಾರಣ ಇದೆಯಾ ಅಂತ ಒಬ್ಬರನ್ನೂ ಕೇಳಿಲ್ಲ. ನನಗೆ ಹುಷಾರಾದಾಗ ನಮ್ಮಮ್ಮ ದರ್ಗಾಕ್ಕೆ ಬರಿಗಾಲಲ್ಲಿ ಹೋಗಿದ್ರು. ನನಗೆ ಹೊಳೀಬೇಕಿತ್ತು." ಅವತ್ತಿನಿಂದ ಆ ಕೇಂದ್ರದಲ್ಲಿ ಔಷಧಿ ಕೇಳುವ ಮೊದಲು "ಹರಕೆ ಏನಾದ್ರೂ ಇದೆಯಾ?" ಅಂತ ಕೇಳುವುದು ರೂಢಿಯಾಯಿತು. ಜನ ನಗುತ್ತಾ ಹೇಳುತ್ತಿದ್ದರಂತೆ, ಹೇಳಿಕೊಂಡು ಹಗುರಾಗುತ್ತಿದ್ದರಂತೆ.

"ಈಗ ಮಂಡಿ ಉಳಿಯುತ್ತಾ ಡಾಕ್ಟ್ರೇ?" ಮಂಗಳ ಕೇಳಿದಳು.

"ಸೀಳು ಕೂಡ್ಕೊಬಹುದು. ಆದರೆ ಚೌಕಟ್ಟು ತೆಗೆದ ಮೇಲೆ ನೀವು ಅದನ್ನ ಕಾಪಾಡ್ಕೊಬೇಕು. ಯಾವ ಹೆಜ್ಜೆ ಜಾಸ್ತಿ ಆಯ್ತು ಅಂತ ಗಳಿಗೆ ಗಳಿಗೆಗೂ ಗೊತ್ತಾಗ್ಬೇಕು. ಈ ಪಟ್ಟಿ ಎಷ್ಟು ಅಂತ ಹೇಳುತ್ತೆ? ಜೆಸಿಂತಾ ಊಟಕ್ಕೂ ಏಳ್ತಾರೆ. ಚೌಕಟ್ಟು ತೆಗೆಯೋ ಹೊತ್ತಿಗೆ ನೋವು ಬಂದ್ರೆ ನಿಮ್ಮ ಮಂಡಿ ಉಳೀತು. ಬರ್ಲಿಲ್ಲ ಅಂದ್ರೆ ಕಷ್ಟ."

ಹೀಗೆ ಆ ಮನೆಯಲ್ಲಿ ನೋವಿಗಾಗಿ ಕಾಯುವುದು ಶುರುವಾಯಿತು. ಇಂಥ ಮನೆ ಎಲ್ಲಾದರೂ ನೋಡಿದ್ದೀರಾ? ಬೆಳಗ್ಗೆ ಎದ್ದರೆ ಗಂಡ ಬಂದು ಬಲಗಾಲು ಚಿವುಟುವುದು, "ಗೊತ್ತಾಯ್ತಾ?" "ಇಲ್ಲ." ಪಕ್ಕದ ಮನೆಯ ಗೌರಮ್ಮ ವಿಚಾರಿಸಲು ಬಂದವಳೂ ಒಂದು ಸಲ ಚಿವುಟಿ ಹೋಗುವುದು. ಮಂಗಳ ಕಾಲು ತುಂಬ ಚಿವುಟಿದ ಗುರುತು ಮಾಡಿಕೊಂಡು, ಆಟೋ ಹತ್ತಿ, ಚೌಕಟ್ಟಿನ ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು ಮೃಗಾಲಯದ ಸೌತೆಕಾಯಿ ತೂಗಿಸುತ್ತಿದ್ದಳು.

ಚಿಕ್ಕತಾಯಮ್ಮ ಮಾತ್ರ ಚಿವುಟಲಿಲ್ಲ. ಅವಳಿಗೆ ಮಗಳ ಮುಖ ನೋಡಲು ಆಗುತ್ತಿರಲಿಲ್ಲ. ದೇವರ ಪಟದ ಮುಂದೆ ನಿಂತು ಬಾಯಿ ತೆರೆಯುವಳು, ಮುಚ್ಚುವಳು. ಒಂದು ದಿನ ಮಂಗಳ ಕೇಳಿಸಿಕೊಂಡಳು. "ನೋವು ಕೊಡು ತಾಯಿ. ನನ್ನ ಮಗಳಿಗೆ ನೋವು ಕೊಡು." ಹೇಳಿ ಮುಗಿಸಿ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬಾರಮ್ಮ ಇಲ್ಲಿ," ಅಂತ ಮಂಗಳ ಕರೆದು ಪಕ್ಕ ಕೂರಿಸಿಕೊಂಡಳು.

"ಹೆತ್ತ ಮಗಳಿಗೆ ನೋವು ಕೊಡು ಅಂತ ಬೇಡ್ಕೊಳೋ ತಾಯಿ ನಾನೊಬ್ಬಳೇ ಇರ್ಬೇಕು ಕಣ್ಮಗ. ನಾನೇ ಹತ್ತಿಸಿ ಕೆಡಿಸ್ದೆ."

"ನೀನು ಹತ್ತಿಸಿದ್ದಲ್ಲ, ನಾನೇ ಹತ್ತಿದ್ದು. ಖುಷಿಯಿಂದ ಹತ್ತಿದ್ದು. ಬೇಡ್ಕೊ ಅಮ್ಮ, ಚೆನ್ನಾಗಿ ಬೇಡ್ಕೊ. ನಿನ್ನ ಮಾತು ಅವಳು ಒಂದ್ಸಲ ಕೇಳಿದಾಳೆ," ಅಂದಳು ಮಂಗಳ. ಇಬ್ಬರೂ ಅತ್ತರು. ಅತ್ತು, ಕಾಫಿ ಕುಡಿದರು.

ಚೌಕಟ್ಟು ತೆಗೆಯುವ ದಿನ ಬಂತು, ನೋವು ಬರಲಿಲ್ಲ. ಡಾಕ್ಟರ್ ಶಾಹೀನ್ ಊರುಗೋಲು ಕೊಟ್ಟರು. ಶಿವಮಾದು ಹಳೆಯ ವಾಕರನ್ನು ಅಟ್ಟದಿಂದ ಇಳಿಸಿ, ಹೆಂಡತಿಗೆ ಕಾಣದ ಹಾಗೆ ಅಂಗಡಿಯಲ್ಲಿಟ್ಟು ಗಾಲಿಗೆ ಎಣ್ಣೆ ಹಾಕಿದ. ಆದರೆ ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಮೃಗಾಲಯದ ಅಡುಗೆಮನೆಯಲ್ಲಿ ಹಲಸಿನಹಣ್ಣಿನ ಲೋಡು ಬಂದಿತ್ತು. ತಕ್ಕಡಿಯ ಮುಳ್ಳು ನೋಡಲೆಂದು ಮಂಗಳ ಸ್ಟೂಲಿನ ಮೇಲೇ ಸರಕ್ಕನೆ ತಿರುಗಿದಳು. ಬಲಮಂಡಿಯೊಳಗೆ ಯಾರೋ ಕಾದ ಸೂಜಿ ಚುಚ್ಚಿದ ಹಾಗಾಯಿತು.

"ಅಮ್ಮಾ!"

ಹಲಸು ಇಳಿಸುತ್ತಿದ್ದವರು ಹಾವೇ ಬಂತೆಂದು ಹಾರಿ ನಿಂತರು. ನೋಡಿದರೆ ಮಂಗಳ ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡು ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ಮತ್ತೆ ಅಳುತ್ತಿದ್ದಾಳೆ. ಅಷ್ಟರಲ್ಲಿ ಫೋನ್ ಬಂತು.

"ಮಂಗಳಮ್ಮ, ಈಗ ನಿಮ್ಮ ಮಂಡಿಯಲ್ಲಿ ಎಂತದೋ ಕಡ್ ಅಂತು. ನಿಮಗೆ..."

"ಗೊತ್ತಾಯ್ತು ಜೆಸಿಂತಕ್ಕ! ನೀವು ಫೋನ್ ಮಾಡೋಕೆ ಮುಂಚೆ ಗೊತ್ತಾಯ್ತು! ನೋಯ್ತಿದೆ! ಅಯ್ಯೋ ದೇವ್ರೇ, ಎಷ್ಟು ನೋಯ್ತಿದೆ ಅಂದ್ರೆ!"

ಆಲಿಸುವ ಕೋಣೆಯಲ್ಲಿ ಜೆಸಿಂತಾ ಕೂಗಿದ ಕೂಗಿಗೆ ಪಕ್ಕದ ಕೋಣೆಯವರೂ ಎದ್ದು ಬಂದರಂತೆ.

ಸಂಜೆಯೊಳಗೆ ಎಲ್ಲರೂ ಕೇಂದ್ರದಲ್ಲಿದ್ದರು. ಶಿವಮಾದು ದಾರಿಯಲ್ಲಿ ಆಟೋ ನಿಲ್ಲಿಸಿ ಮೈಸೂರು ಪಾಕ್ ಕಟ್ಟಿಸಿಕೊಂಡಿದ್ದ. ಹೆಂಡತಿಗೆ ಮಂಡಿ ನೋವು ಶುರುವಾಯಿತೆಂದು ಸಿಹಿ ಹಂಚಿದ ಗಂಡ ಊರಿನಲ್ಲಿ ಅವನೊಬ್ಬನೇ ಇದ್ದಿರಬೇಕು. ಆಟೋದವನಿಗೂ ಕೊಟ್ಟ, ಬಾಗಿಲ ಕಾವಲಿನವನಿಗೂ ಕೊಟ್ಟ.

ಡಾಕ್ಟರ್ ಶಾಹೀನ್ ಮಂಗಳಾಳನ್ನು ಮಂಚದ ಮೇಲೆ ಮಲಗಿಸಿದರು. ಸ್ಕ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. "ಎಲ್ಲಿ ನೋಯ್ತಿದೆ, ನೀವೇ ತೋರಿಸಿ," ಅಂದರು.

ಮಂಗಳ ಒಂದು ಬೆರಳು ಇಟ್ಟಳು. ಮಂಡಿಚಿಪ್ಪಿನ ಒಳಪಕ್ಕ, ಸ್ವಲ್ಪ ಕೆಳಗೆ. "ಇಲ್ಲಿ. ಇದು ಎಂ.ಎಸ್. ಅಲ್ಲ ಡಾಕ್ಟ್ರೇ. ಇದು ನನ್ನ ಮಂಡಿ."

ಸೀಳಿದ್ದು ಅಲ್ಲಿಯೇ. ಡಾಕ್ಟರ್ ಶಾಹೀನ್ ತಲೆಯಾಡಿಸಿದರು. ಆದರೂ ಪರೀಕ್ಷೆ ಪರೀಕ್ಷೆಯೇ. ಖಚಿತ ಮಾಡಿಕೊಳ್ಳಲು ಹೆಬ್ಬೆರಳನ್ನು ಆ ಜಾಗದ ಮೇಲಿಟ್ಟು ಮೆಲ್ಲಗೆ ಒತ್ತಿದರು. ಮಂಗಳ ಹಲ್ಲು ಕಚ್ಚಿದಳು. ಇನ್ನು ಸ್ವಲ್ಪ ಒತ್ತಿದರು. ಮಂಗಳ "ಸ್ಸ್" ಎಂದು ಮುಖ ಹಿಂಡಿದಳು.

ಮೂಲೆಯಲ್ಲಿ ಕೈ ಮುಗಿದು ನಿಂತಿದ್ದ ಚಿಕ್ಕತಾಯಮ್ಮ ಎರಡೇ ಹೆಜ್ಜೆಗೆ ಮಂಚದ ಹತ್ತಿರ ಬಂದು ಡಾಕ್ಟರ ಕೈಯನ್ನು ಪಟ್ಟೆಂದು ಹೊಡೆದು ಆಚೆ ತಳ್ಳಿದಳು.

"ಒತ್ತಬ್ಯಾಡ ಕಣವ್ವ! ನನ್ನ ಮಗಳಿಗೆ ನೋಯುತ್ತೆ!"

ಡಾಕ್ಟರ್ ಶಾಹೀನ್ ಕೈ ಹಿಂದಕ್ಕೆ ತೆಗೆದುಕೊಂಡು, "ಆಯ್ತಮ್ಮ, ಒತ್ತಲ್ಲ," ಅಂದರು.